ಅನ್‌ಫರ್ಗಿವನ್ ನೋಡೋದಾ, ಟ್ರೂ ಗ್ರಿಟ್ ನೋಡೋದಾ?

ಎರಡೂ ವೆಸ್ಟರ್ನ್ ಸಿನಿಮಾಗಳು, ಅಂದರೆ ಹಳೇ ಅಮೆರಿಕದ ಕುದುರೆ-ಬಂದೂಕಿನ ಕಾಲದವು. ಎರಡೂ ಸೇಡಿನ ಕಥೆಗಳೇ, ಆದರೆ ರುಚಿ ಬೇರೆ. 2010ರ ಟ್ರೂ ಗ್ರಿಟ್‌ನಲ್ಲಿ ಅಪ್ಪನನ್ನು ಕೊಂದವನ ಬೆನ್ನು ಹತ್ತುವವಳು 14ರ ಹುಡುಗಿ ಮ್ಯಾಟಿ. ಕುಡುಕ ಮಾರ್ಷಲ್ (ಪೊಲೀಸ್‌ನಂಥ ಸರ್ಕಾರಿ ಅಧಿಕಾರಿ) ಒಬ್ಬನನ್ನು ದುಡ್ಡು ಕೊಟ್ಟು ಗೊತ್ತು ಮಾಡಿಕೊಳ್ಳುತ್ತಾಳೆ. ಕುದುರೆ ವ್ಯಾಪಾರಿಯ ಹತ್ತಿರ ಅವಳು ಚೌಕಾಸಿ ಮಾಡುವ ದೃಶ್ಯವೊಂದೇ ಸಾಕು, ನಗು ತಡೆಯೋಕಾಗಲ್ಲ. ಕೋಯೆನ್ ಸಹೋದರರ ಸಿನಿಮಾ, ಎರಡು ಗಂಟೆಯೊಳಗೆ ಮುಗಿಯುತ್ತದೆ.

ಕ್ಲಿಂಟ್ ಈಸ್ಟ್‌ವುಡ್‌ನ ಅನ್‌ಫರ್ಗಿವನ್ (1992) ಅಷ್ಟು ಸಲೀಸಲ್ಲ. ವಯೋಮಿಂಗ್‌ನ ಊರೊಂದರಲ್ಲಿ ವೇಶ್ಯೆಯೊಬ್ಬಳ ಮುಖಕ್ಕೆ ಚಾಕು ಹಾಕುತ್ತಾರೆ, ಊರಿನ ಪೊಲೀಸ್ ಮುಖ್ಯಸ್ಥನಾದ ಶೆರಿಫ್ ಕೊಡುವ ತೀರ್ಪೇನು ಗೊತ್ತಾ, ತಪ್ಪು ಮಾಡಿದವರು ವೇಶ್ಯಾಗೃಹದ ಮಾಲೀಕನಿಗೆ ಕುದುರೆಗಳನ್ನು ಕೊಡಬೇಕು, ಗಾಯಗೊಂಡವಳಿಗೆ ಏನೂ ಇಲ್ಲ! ಅಲ್ಲಿನ ಹೆಂಗಸರೇ ದುಡ್ಡು ಕೂಡಿಸಿ, ತಪ್ಪು ಮಾಡಿದವರನ್ನು ಕೊಂದವರಿಗೆ 1000 ಡಾಲರ್ ಬಹುಮಾನ ಇಡುತ್ತಾರೆ. ಅದಕ್ಕೆ ಬರುವವನು ಹಂದಿ ಸಾಕುತ್ತಾ ಮುದಿಯಾದ ಹಳೇ ಕೊಲೆಗಾರ, ಕುದುರೆ ಹತ್ತೋಕೂ ಒದ್ದಾಡುತ್ತಾನೆ. ಇಲ್ಲಿ ಗುಂಡು ತಗುಲಿದವನು ತಕ್ಷಣ ಸಾಯಲ್ಲ, ನೀರು ನೀರು ಅಂತ ಗೋಳಾಡುತ್ತಾನೆ. ಕಷ್ಟವಾಗುತ್ತದೆ, ಅಲ್ವಾ? ಶೆರಿಫ್ ಆಗಿ ಜೀನ್ ಹ್ಯಾಕ್‌ಮನ್‌ಗೆ ಆಸ್ಕರ್ ಸುಮ್ನೆ ಬಂದಿಲ್ಲ. ಟ್ರೂ ಗ್ರಿಟ್‌ಗೆ ಮಾತ್ರ 10 ನಾಮನಿರ್ದೇಶನ, ಒಂದೂ ಗೆಲುವಿಲ್ಲ, ನನಗದು ಅನ್ಯಾಯವೇ.

ವೆಸ್ಟರ್ನ್ ಹೊಸತಾದರೆ ಟ್ರೂ ಗ್ರಿಟ್ ಹಾಕಿ. ಈಸ್ಟ್‌ವುಡ್‌ನ ಹಳೇ ಸಿನಿಮಾಗಳನ್ನು ನಾಲ್ಕಾರು ನೋಡಿದ್ದರೆ ಮಾತ್ರ ಅನ್‌ಫರ್ಗಿವನ್ ಜಾಸ್ತಿ ತಟ್ಟುತ್ತದೆ.