ಏರ್ ರೈಫಲ್ ಸ್ಕೋಪು, ಮೌಂಟು, ಡಯಾಪ್ಟರ್: ಹತ್ತು ಮೀಟರ್ ಗುರಿಗೆ ಯಾವುದು ಲಾಯಕ್ಕು, ಯಾವುದು ದಂಡ

ಸ್ಕೋಪಿನ ಡಬ್ಬದ ಮೇಲೆ 3-9×40 (ಮೂರರಿಂದ ಒಂಬತ್ತು ಪಟ್ಟು ಜೂಮ್, ಮುಂದಿನ ಗಾಜು 40 ಮಿಮೀ) ಅಂತಲೋ 4-16×44 ಅಂತಲೋ ದಪ್ಪಕ್ಷರದಲ್ಲಿ ಇರುತ್ತದೆ. ಹಾಸನ, ಚಿಕ್ಕಮಗಳೂರು ಕಡೆ ಮನೆಯ ಹಿತ್ತಲಲ್ಲೋ, ಕಾಫಿ ಕಣದ ಪಕ್ಕದ ಶೆಡ್ಡಿನಲ್ಲೋ ಹತ್ತರಿಂದ ಇಪ್ಪತ್ತೈದು ಮೀಟರಿಗೆ ಪೇಪರ್ ಟಾರ್ಗೆಟ್ ಹೊಡೆಯುವವರಿಗೆ ಆ ದಪ್ಪಕ್ಷರದಿಂದ ಆಗುವ ಲಾಭ ಕಡಿಮೆ. ಓದಬೇಕಾದ್ದು ಡಬ್ಬದ ಬದಿಯ ಸಣ್ಣಕ್ಷರ: ಪ್ಯಾರಲಾಕ್ಸ್ (ಕಣ್ಣು ಸರಿದಾಗ ಗುರಿಗೆರೆಯೂ ಸರಿದಂತೆ ಕಾಣುವ ದೋಷ) ಇಲ್ಲದಂತೆ ಎಷ್ಟು ದೂರಕ್ಕೆ ಕೂರಿಸಿದ್ದಾರೆ, ಅದನ್ನು ಬದಲಿಸಲು ಬರುತ್ತದೋ ಇಲ್ಲವೋ. ಅಷ್ಟು ಬರೆದಿಲ್ಲವೆಂದರೆ ಆ ಡಬ್ಬ ವಾಪಸ್ ಇಡುವುದೇ ಮೇಲು.

ದೊಡ್ಡ ರೈಫಲ್‌ಗೆಂದು ಮಾಡಿದ ಸಾಮಾನ್ಯ ಸ್ಕೋಪಿನಲ್ಲಿ ಪ್ಯಾರಲಾಕ್ಸ್ ನೂರು ಗಜಕ್ಕೆ, ಅಂದರೆ 91 ಮೀಟರಿಗೆ ಬಿಗಿದಿರುತ್ತದೆ. ಅದರಲ್ಲಿ ಹತ್ತು ಮೀಟರಿನ ಗುರಿ ನೋಡಿದರೆ ಚಿತ್ರ ಮಸುಕು, ಅದು ಸಾಲದೆಂಬಂತೆ ಕಣ್ಣು ಸ್ವಲ್ಪ ಆಚೀಚೆ ಸರಿದರೆ ಕ್ರಾಸ್‌ಹೇರ್, ಅಂದರೆ ಸ್ಕೋಪಿನೊಳಗಿನ ಗುರಿಗೆರೆ, ಗುರಿಯ ಮೇಲೆ ಓಡಾಡುತ್ತದೆ. ಎಷ್ಟು ಓಡಾಡಬಹುದು ಅನ್ನುವುದಕ್ಕೆ ಸುಲಭದ ಲೆಕ್ಕವಿದೆ. ಮುಂದಿನ ಗಾಜಿನ ಅರ್ಧ ವ್ಯಾಸವನ್ನು ತಗೊಳ್ಳಿ, 40 ಮಿಮೀ ಗಾಜಿಗೆ 20. ಹೊಂದಿಸಿದ ದೂರಕ್ಕೂ ಹೊಡೆಯುವ ದೂರಕ್ಕೂ ಇರುವ ಅಂತರವನ್ನು ಹೊಂದಿಸಿದ ದೂರದಿಂದ ಭಾಗಿಸಿ, ಬಂದದ್ದರಿಂದ ಆ 20ನ್ನು ಗುಣಿಸಿ. ಇಲ್ಲಿ ಸುಮಾರು 18 ಮಿಮೀ ಬರುತ್ತದೆ. ಕಣ್ಣು ಪೂರಾ ಅಂಚಿಗೆ ಹೋದಾಗಿನ ಗರಿಷ್ಠ ತಪ್ಪು ಇದು. ಹತ್ತು ಮೀಟರ್ ಏರ್ ರೈಫಲ್ ಟಾರ್ಗೆಟ್‌ನಲ್ಲಿ ಒಂದು ರಿಂಗಿನಿಂದ ಇನ್ನೊಂದಕ್ಕೆ ಇರುವುದು 2.5 ಮಿಮೀ, ನಡುವಿನ ಹತ್ತರ ಚುಕ್ಕೆಯೋ ಬರೀ 0.5 ಮಿಮೀ. ಏಳು ರಿಂಗು ತಪ್ಪಿಸಬಲ್ಲ ಸ್ಕೋಪಿಗೆ ಹದಿನಾರು ಪಟ್ಟು ಜೂಮ್ ಇದ್ದರೆಷ್ಟು, ಬಿಟ್ಟರೆಷ್ಟು?

‘ರಿಮ್‌ಫೈರ್’ ಹೆಸರಿನವು, ಅಂದರೆ .22ರಂಥ ಸಣ್ಣ ಮದ್ದಿನ ರೈಫಲ್‌ಗೆ ಮಾಡಿದ ಸ್ಕೋಪುಗಳು, ತುಸು ವಾಸಿ, ಆದರೆ ಹತ್ತು ಮೀಟರಿಗೆ ಅವೂ ಸಾಲವು. ವೋರ್ಟೆಕ್ಸ್ ಕ್ರಾಸ್‌ಫೈರ್ 2ರ 2-7×32 ರಿಮ್‌ಫೈರ್ ಮಾದರಿ 50 ಗಜಕ್ಕೆ ಬಿಗಿದದ್ದು. ಅದೇ ಲೆಕ್ಕ ಹಾಕಿದರೆ ಹತ್ತು ಮೀಟರಿನಲ್ಲಿ ಹನ್ನೆರಡು ಮಿಮೀ, ಇಪ್ಪತ್ತೈದು ಮೀಟರಿನಲ್ಲಿ ಏಳು ಮಿಮೀ ತಪ್ಪಿಗೆ ಜಾಗ ಉಳಿಯುತ್ತದೆ. .22 ರೈಫಲ್‌ಗೆ ಐವತ್ತು ಮೀಟರಿನಲ್ಲಿ ಅದು ಒಳ್ಳೆಯ ಸಾಮಾನು. ಹಿತ್ತಲಿನ ಏರ್‌ಗನ್‌ಗೆ ಅಲ್ಲ.

ಏರ್‌ಗನ್‌ಗೆ ಬೇಕಾದ್ದು ಮುಂದಿನ ಗಾಜಿನ ಸುತ್ತ ತಿರುಗುವ ಬಳೆ ಇರುವ ಏಓ ಮಾದರಿ, ಇಲ್ಲವೇ ಪಕ್ಕದಲ್ಲಿ ಗುಂಡಿ ಇರುವ ಸೈಡ್ ಫೋಕಸ್. ಹಾಕ್ ಕಂಪನಿಯ ವ್ಯಾಂಟೇಜ್ 3-9×40 ಏಓ, ಏರ್‌ಮ್ಯಾಕ್ಸ್ 4-12×40 ಏಓ ಎರಡೂ ಹತ್ತು ಗಜದವರೆಗೆ ಇಳಿಯುತ್ತವೆ. ಎರಡರದ್ದೂ ಒಂದಿಂಚಿನ, ಅಂದರೆ 25.4 ಮಿಮೀ ಟ್ಯೂಬು, ಹಾಗಾಗಿ ಟ್ಯೂಬನ್ನು ಹಿಡಿಯುವ ಮೌಂಟಿನ ರಿಂಗು ಹುಡುಕುವ ತಾಪತ್ರಯ ಇಲ್ಲ. ಬರೀ ಪೇಪರ್ ಹೊಡೆಯುವುದಾದರೆ ನಮ್ಮ ಓಟು ವ್ಯಾಂಟೇಜ್‌ಗೆ. ಏರ್‌ಮ್ಯಾಕ್ಸ್‌ನ ರೆಟಿಕಲ್‌ನಲ್ಲಿ (ಕ್ರಾಸ್‌ಹೇರ್ ಗೆರೆಗಳ ವಿನ್ಯಾಸ) ಕೆಳಗಿಳಿಯುವ ಗುರುತುಗಳು ಬೇರೆ ಬೇರೆ ದೂರಕ್ಕೆ ಹೊಡೆಯುವವರಿಗೆ ಆಗಿಬರುತ್ತವೆ. ಒಂದೇ ದೂರಕ್ಕೆ ಕೂತು ಹೊಡೆಯುವವರಿಗೆ ಅವು ಕಣ್ಣಿಗೆ ಅಡ್ಡ.

ಯುಟಿಜಿಯ ಬಗ್‌ಬಸ್ಟರ್ 3-12×32 ಗಿಡ್ಡ ಸ್ಕೋಪು, ಫೋಕಸ್ ಮೂರು ಗಜದವರೆಗೂ ಇಳಿಯುತ್ತದೆ. ಜಾಗ ಕಡಿಮೆ ಇದ್ದು ಮನೆಯೊಳಗೆ ಐದಾರು ಮೀಟರಿಗೆ ಹೊಡೆಯುವವರಿಗೆ ಇದಕ್ಕಿಂತ ಒಳ್ಳೆಯದು ಸಿಗುವುದು ಕಷ್ಟ. ತೊಂದರೆ ಬೆಳಕಿನದು. ಮುಂದಿನ ಗಾಜಿನ ವ್ಯಾಸವನ್ನು ಜೂಮಿನಿಂದ ಭಾಗಿಸಿದರೆ ಕಣ್ಣಿಗೆ ಬರುವ ಬೆಳಕಿನ ಕಂಬಿಯ ದಪ್ಪ ಸಿಗುತ್ತದೆ. ಹನ್ನೆರಡು ಪಟ್ಟಿನಲ್ಲಿ ಬಗ್‌ಬಸ್ಟರ್‌ದು 2.7 ಮಿಮೀ, ಒಂಬತ್ತು ಪಟ್ಟಿನಲ್ಲಿ ವ್ಯಾಂಟೇಜ್‌ದು 4.4. ಪುಷ್ಯ ಮಳೆ ಹಿಡಿದ ಮಧ್ಯಾಹ್ನ, ಶೀಟಿನ ಮಾಡಿನ ಕೆಳಗೆ ಕೂತಾಗ ಈ ವ್ಯತ್ಯಾಸ ಚೆನ್ನಾಗಿ ಗೊತ್ತಾಗುತ್ತದೆ. ಜೂಮ್ ಎಂಟಕ್ಕೆ ಇಳಿಸಿದರೆ ಕಂಬಿ 4 ಮಿಮೀ ಆಗಿ ಸಮಸ್ಯೆ ಮುಗಿಯುತ್ತದೆ.

ಬಳೆಯ ಮೇಲೆ ಕೊರೆದ ದೂರದ ಅಂಕಿಯನ್ನು ನಂಬಿ ಕೂರಬೇಡಿ. ರೈಫಲ್ಲನ್ನು ಮರಳಿನ ಚೀಲದ ಮೇಲೆ ಅಲುಗಾಡದಂತೆ ಇಟ್ಟು, ಕೈ ಮುಟ್ಟಿಸದೆ ತಲೆಯನ್ನಷ್ಟೇ ಎಡಬಲ, ಮೇಲೆಕೆಳಗೆ ಸರಿಸಿ ನೋಡಿ. ಕ್ರಾಸ್‌ಹೇರ್ ಗುರಿಯ ಮೇಲೆ ಅಂಟಿ ನಿಲ್ಲುವ ಜಾಗದಲ್ಲಿ ಬಳೆಗೆ ಬಿಳಿ ಪೇಂಟಿನ ಚುಕ್ಕೆ ಹಾಕಿಬಿಟ್ಟರೆ ಆಯಿತು. ಇದಕ್ಕೂ ಮೊದಲು ಕಣ್ಣಿನ ಕಡೆಯ ಗಾಜನ್ನು ತಿರುಗಿಸಿ, ಖಾಲಿ ಆಕಾಶಕ್ಕೆ ಹಿಡಿದಾಗ ಕ್ರಾಸ್‌ಹೇರ್ ಥಟ್ಟನೆ ಚೂಪಾಗಿ ಕಾಣುವಂತೆ ಮಾಡಿರಬೇಕು. ಆ ಕ್ರಮ ಉಲ್ಟಾ ಮಾಡಿದವರೇ ‘ಸ್ಕೋಪು ಸರಿಯಿಲ್ಲ’ ಎಂದು ವಾಪಸ್ ಕಳಿಸುವುದು.

ಸ್ಪ್ರಿಂಗ್ ರೈಫಲ್ ಇದ್ದವರು ಇನ್ನೊಂದು ಮಾತು ಗಮನಿಸಬೇಕು. ಪಿಸ್ಟನ್ ಮುಂದಕ್ಕೆ ಚಿಮ್ಮಿದಾಗ ರೈಫಲ್ ಹಿಂದಕ್ಕೆ ಒದೆಯುತ್ತದೆ, ಪಿಸ್ಟನ್ ಸಿಲಿಂಡರಿನ ತುದಿಗೆ ಬಂದು ನಿಂತಾಗ ಮುಂದಕ್ಕೆ ಜಗ್ಗುತ್ತದೆ. ಮದ್ದಿನ ರೈಫಲ್‌ಗೆ ಮಾಡಿದ ಸ್ಕೋಪು ಹಿಂದಕ್ಕೆ ಒದೆಯುವುದನ್ನು ಮಾತ್ರ ತಡೆಯುತ್ತದೆ. ಈ ಎರಡೂ ಕಡೆಯ ಏಟಿಗೆ ಒಳಗಿನ ಲೆನ್ಸು ಸಡಿಲವಾಗುತ್ತದೆ, ಕ್ರಾಸ್‌ಹೇರ್ ವಾಲುತ್ತದೆ, ಒಮ್ಮೊಮ್ಮೆ ತುಂಡೇ ಆಗುತ್ತದೆ. ಬೆಲೆ ಜಾಸ್ತಿ ಕೊಟ್ಟ ಮಾತ್ರಕ್ಕೆ ಬಚಾವ್ ಅಂತಿಲ್ಲ. ‘ಏರ್‌ಗನ್ ರೇಟೆಡ್’ ಎಂದು ಕಂಪನಿಯೇ ಬರೆದುಕೊಟ್ಟಿರಬೇಕು. ಗಾಳಿ ತುಂಬಿಸುವ ಪಿಸಿಪಿ ರೈಫಲ್‌ಗೆ ಈ ಕಾಟ ಇಲ್ಲ.

ಸ್ಕೋಪಿಗೆ ಕೊಟ್ಟ ದುಡ್ಡನ್ನು ಹಾಳುಮಾಡುವುದು ಮೌಂಟು. ಹೆಚ್ಚಿನ ಏರ್ ರೈಫಲ್‌ಗಳ ಮೇಲಿರುವುದು ಮೌಂಟು ಕಚ್ಚಿ ಕೂರುವ 11 ಮಿಮೀ ಡವ್‌ಟೇಲ್ ಹಳಿ. ಪಿಕಟಿನ್ನಿ ಹಳಿಯ ಅಗಲ ಸುಮಾರು 21 ಮಿಮೀ, ಅದರ ರಿಂಗು ಇದಕ್ಕೆ ಕೂರದು. ಸ್ಪ್ರಿಂಗ್ ರೈಫಲ್‌ನಲ್ಲಿ ಮೌಂಟು ಹೊಡೆದಂತೆಲ್ಲ ಕಣ್ಣಿನ ಕಡೆಗೆ ತೆವಳುತ್ತದೆ. ಅದನ್ನು ತಡೆಯಲು ಮೌಂಟಿನ ಅಡಿಯಲ್ಲಿ ಸ್ಟಾಪ್ ಪಿನ್ ಇದ್ದು, ಅದು ರೈಫಲ್ ಮೇಲಿನ ತೂತಿಗೆ ಇಳಿಯಬೇಕು. ಪಿನ್ ಇಲ್ಲದ ಎರಡು ಬಿಡಿ ರಿಂಗುಗಳಿಗಿಂತ ಪಿನ್ ಇರುವ ಒಂದೇ ತುಂಡಿನ ಮೌಂಟು ಯಾವತ್ತೂ ಲೇಸು. ಸ್ಕೋಪಿನ ಜೊತೆ ಪುಕ್ಕಟೆ ಬರುವ ರಿಂಗುಗಳನ್ನು ಪಿಸಿಪಿಗೆ ಹಾಕಿ ನೋಡಬಹುದು, ಸ್ಪ್ರಿಂಗ್‌ಗೆ ಬೇಡ.

ಕೂರಿಸುವಾಗ ಡವ್‌ಟೇಲ್ ಹಳಿಯನ್ನೂ ತಿರುಪುಗಳನ್ನೂ ಸ್ಪಿರಿಟ್‌ನಲ್ಲಿ ಒರೆಸಿ ಎಣ್ಣೆಪಸೆ ತೆಗೆಯಿರಿ. ಜೂಮ್ ಪೂರ್ತಿ ಏರಿಸಿ, ಕಣ್ಣು ಮುಚ್ಚಿ ರೈಫಲ್ಲನ್ನು ಹೆಗಲಿಗೆ ತಂದು, ಕಣ್ಣು ತೆರೆದಾಗ ಚಿತ್ರದ ಸುತ್ತ ಕಪ್ಪು ನೆರಳು ಬೀಳದ ಜಾಗದಲ್ಲಿ ಸ್ಕೋಪು ನಿಲ್ಲಬೇಕು. ನೇರ ಹಿಡಿಯಲು ಗಾರೆಯವರ ತೂಗುಗುಂಡನ್ನು ಹತ್ತು ಮೀಟರಿನಲ್ಲಿ ನೇತುಹಾಕಿ, ರೈಫಲ್ ಮಟ್ಟಸವಾಗಿರುವಾಗ ಆ ದಾರಕ್ಕೆ ಕ್ರಾಸ್‌ಹೇರಿನ ಉದ್ದಗೆರೆ ಹೊಂದಿಸಿದರೆ ಸಾಕು. ರಿಂಗಿನ ತಿರುಪುಗಳನ್ನು ಮೂಲೆಯಿಂದ ಮೂಲೆಗೆ ಸ್ವಲ್ಪಸ್ವಲ್ಪವೇ ಬಿಗಿಯುತ್ತಾ, ಎರಡೂ ಬದಿಯ ಸಂದು ಒಂದೇ ಸಮ ಇರುವಂತೆ ನೋಡಿಕೊಳ್ಳಿ. ಬಿಗಿ 1.7ರಿಂದ 2 ನ್ಯೂಟನ್ ಮೀಟರ್ ಮೀರಬಾರದು. ಅಲೆನ್ ಕೀಯ ಉದ್ದ ತುದಿ ಹಿಡಿದು ಬಲ ಬಿಟ್ಟರೆ ಟ್ಯೂಬು ಒಳಗೆ ನೆಗ್ಗಿ, ಜೂಮ್ ಬಳೆ ಬಿಗಿಯಾಗುತ್ತದೆ, ಗುರಿ ಹೊಂದಿಸುವ ಗುಂಡಿಯ ಕ್ಲಿಕ್ಕು ತಪ್ಪುತ್ತದೆ. ಅಂಥ ಗುರುತು ಬಿದ್ದ ಸ್ಕೋಪಿಗೆ ವಾರಂಟಿ ಕೇಳುವುದು ಕಷ್ಟದ ಮಾತು.

ನಳಿಗೆ ಮುರಿದು ಲೋಡ್ ಮಾಡುವ ರೈಫಲ್‌ಗಳಲ್ಲಿ ನಳಿಗೆ ತುಸು ಕೆಳಕ್ಕೆ ಬಾಗಿ ನಿಲ್ಲುವುದು ಮಾಮೂಲಿ. ಆಗ ಸ್ಕೋಪಿನ ಮೇಲಿನ ಗುಂಡಿಯನ್ನು ಕೊನೆಯವರೆಗೂ ತಿರುವಬೇಕಾಗುತ್ತದೆ. ಅಲ್ಲಿ ಒಳಗಿನ ಸ್ಪ್ರಿಂಗ್ ಸಡಿಲವಾಗಿ ಜೀರೋ, ಅಂದರೆ ಕ್ರಾಸ್‌ಹೇರ್ ಇಟ್ಟಲ್ಲೇ ಏಟು ಬೀಳುವ ಹೊಂದಿಕೆ, ದಿನಕ್ಕೊಂದು ಕಡೆ ಅಲೆಯುತ್ತದೆ. ಟ್ಯೂಬಿನ ಕೆಳಗೆ ಕಾಗದದ ಚೂರು ಸಿಕ್ಕಿಸುವುದು ಹಳೆಯ ಉಪಾಯ, ಟ್ಯೂಬಿಗೆ ಒಳ್ಳೆಯದಲ್ಲ. ಹಿಂಬದಿ ಎತ್ತರವಿರುವ 20 ಎಂಓಎ (ಒಂದು ಎಂಓಎ ಎಂದರೆ ಡಿಗ್ರಿಯ ಅರವತ್ತನೇ ಒಂದು ಭಾಗ) ಮೌಂಟು ಹಾಕಿದರೆ ಹತ್ತು ಮೀಟರಿನಲ್ಲಿ ಏಟು 58 ಮಿಮೀ ತಾನಾಗಿ ಮೇಲೇರುತ್ತದೆ.

ಕೊರಿಯರ್ ಬಂದ ದಿನವೇ, ಒಂದು ಪೆಲೆಟ್ಟೂ ಹಾರಿಸದೆ ಸ್ಕೋಪಿನ ಹಣೆಬರಹ ತಿಳಿಯಬಹುದು. ಬುಕ್ ಸ್ಟೋರಿನಲ್ಲಿ ಸಿಗುವ ಮಿಲಿಮೀಟರ್ ಗ್ರಾಫ್ ಹಾಳೆಯನ್ನು ಸರಿಯಾಗಿ ಹತ್ತು ಮೀಟರಿಗೆ ಅಂಟಿಸಿ, ರೈಫಲ್ಲನ್ನು ಮರಳಿನ ಚೀಲಗಳ ನಡುವೆ ಜಪ್ಪಯ್ಯ ಅಂದರೂ ಕದಲದಂತೆ ಹುದುಗಿಸಿ. ಕಾಲು ಎಂಓಎ ಕ್ಲಿಕ್ಕು ಹತ್ತು ಮೀಟರಿನಲ್ಲಿ 0.73 ಮಿಮೀ. 40 ಕ್ಲಿಕ್ಕು ಮೇಲೆ ತಿರುವಿದರೆ ಕ್ರಾಸ್‌ಹೇರ್ ಹಾಳೆಯ ಮೇಲೆ 29 ಮಿಮೀ ಸರಿಯಬೇಕು. ಹಾಗೇ 40 ಬಲಕ್ಕೆ, 40 ಕೆಳಕ್ಕೆ, 40 ಎಡಕ್ಕೆ ತಿರುವಿದರೆ ಹೊರಟ ಚೌಕಕ್ಕೇ ಮರಳಬೇಕು. ಮರಳಿದಾಗ ಎರಡು ಮಿಮೀ ಆಚೆ ನಿಂತರೆ, ಅಥವಾ ಎರಡು ಕ್ಲಿಕ್ಕು ಸುಮ್ಮನಿದ್ದು ಮೂರನೆಯದಕ್ಕೆ ಒಟ್ಟಿಗೇ ಹಾರಿದರೆ, ಅವತ್ತೇ ವಾಪಸ್ ಹಾಕಿ. ಜೂಮ್ ಕಡಿಮೆಯಿಂದ ಜಾಸ್ತಿಗೆ ತಿರುವುವಾಗಲೂ ಕ್ರಾಸ್‌ಹೇರ್ ಜಾಗ ಬಿಡಬಾರದು. ಹೆಸರಿಲ್ಲದ ಕೆಂಪು-ಹಸಿರು ಲೈಟಿನ 3-9×40 ಡಬ್ಬಗಳನ್ನು ಈ ಹಾಳೆಯ ಮುಂದೆ ನಿಲ್ಲಿಸದೆ ಒಪ್ಪಿಕೊಳ್ಳಬಾರದು.

ಜೀರೋ ಮಾಡುವ ಲೆಕ್ಕವೂ ಇದೇ. ಐದು ಪೆಲೆಟ್ಟಿನ ಗುಂಪು 22 ಮಿಮೀ ಕೆಳಗೆ ಬಿದ್ದರೆ 30 ಕ್ಲಿಕ್ಕು ಮೇಲೆ. ಒಂದೊಂದೇ ಪೆಲೆಟ್ ನೋಡಿ ತಿರುವುತ್ತಾ ಹೋದರೆ ಸಂಜೆಯಾದರೂ ಮುಗಿಯದು. ರೈಫಲ್ ವಾಲಿಸಿ ಹಿಡಿಯುವ ಅಭ್ಯಾಸದವರು ಸ್ಕೋಪಿನ ಮೇಲೊಂದು ಪುಟ್ಟ ರಸಮಟ್ಟ ಹಾಕಿಕೊಳ್ಳಬಹುದು. ಸೆಕೆಂಡಿಗೆ 170 ಮೀಟರ್ ಹೋಗುವ ಪೆಲೆಟ್ ಹತ್ತು ಮೀಟರಿಗೆ ಸುಮಾರು 18 ಮಿಮೀ ಬೀಳುತ್ತದೆ, ಐದು ಡಿಗ್ರಿ ವಾಲಿದರೆ ಒಂದೂವರೆ ಮಿಮೀ ಪಕ್ಕಕ್ಕೆ ಹೋಯಿತು. ಅರ್ಧ ರಿಂಗಿಗಿಂತ ಹೆಚ್ಚು.

ಇನ್ನು ನಮ್ಮ ಕಡೆಯ ಹವೆ. ಅರಸೀಕೆರೆ, ಕಡೂರಿನವರಿಗೆ ಈ ಭಾಗ ಅಷ್ಟು ಬೇಕಾಗಲಿಕ್ಕಿಲ್ಲ. ಸಕಲೇಶಪುರ, ಮೂಡಿಗೆರೆ, ಕೊಪ್ಪದವರಿಗೆ ಬೇಕು. ಸ್ಕೋಪಿನೊಳಗೆ ನೈಟ್ರೋಜನ್ ತುಂಬಿರುವುದು ಒಳಗಡೆ ಮಂಜು ಕಟ್ಟದಿರಲಿ ಅಂತ. ಹೊರಗಿನ ಗಾಜಿಗೆ ಉಸಿರು ತಾಗಿ ಕಟ್ಟುವ ಮಂಜಿಗೆ ಅದು ಏನೂ ಮಾಡದು. ಹೊರಮಂಜು ಬಟ್ಟೆಗೆ ಹೋಗುತ್ತದೆ, ಒಳಮಂಜು ಕಂಡರೆ ಸೀಲು ಹೋಗಿದೆ ಅಂತಲೇ ಅರ್ಥ. ಮಳೆಗಾಲದಲ್ಲಿ ನಿಜವಾದ ಶತ್ರು ಬೂಷ್ಟು. ಜೇಡರಬಲೆಯಂತೆ ಲೆನ್ಸಿನ ಮೇಲೆ ಹರಡಿ ಲೇಪನವನ್ನೇ ತಿಂದುಹಾಕುತ್ತದೆ, ಆಮೇಲೆ ಒರೆಸಿದರೂ ಕಲೆ ಉಳಿಯುತ್ತದೆ. ಚರ್ಮದ ಚೀಲ, ಸ್ಪಂಜಿನ ಪೆಟ್ಟಿಗೆ ಎರಡೂ ಥಂಡಿ ಹೀರಿ ಹಿಡಿದಿಡುತ್ತವೆ. ಸಾಗಿಸಲು ಸರಿ, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇಡಲು ಅಲ್ಲ. ಒಲೆಯ ಮೇಲಿನ ಅಟ್ಟದಲ್ಲಿ ಬೆಚ್ಚಗಿರುತ್ತದೆ ನಿಜ, ಆದರೆ ಹೊಗೆಯ ಜಿಡ್ಡು ಗಾಜಿಗೆ ಹಿಡಿಯುತ್ತದೆ. ರಬ್ಬರ್ ಅಂಚಿನ ಬಿಗಿ ಮುಚ್ಚಳದ ಪ್ಲಾಸ್ಟಿಕ್ ಡಬ್ಬ, ಒಂದು ತೇವಮಾಪಕ, ಕಾಲು ಕಿಲೋ ಸಿಲಿಕಾ ಜೆಲ್ ಸಾಕು. ತೇವ ಶೇ. 40ರಿಂದ 50ರ ನಡುವೆ ಇರಲಿ. ಜೆಲ್ ಕಿತ್ತಳೆ ಬಣ್ಣದ್ದನ್ನೇ ತನ್ನಿ, ಹಸಿರಾದಾಗ 110-120 ಡಿಗ್ರಿಯಲ್ಲಿ ಎರಡು ಗಂಟೆ ಕಾಯಿಸಿದರೆ ಮತ್ತೆ ಕೆಲಸಕ್ಕೆ ಬರುತ್ತದೆ. ನೀಲಿ ಜೆಲ್‌ನಲ್ಲಿ ಕೋಬಾಲ್ಟ್ ಕ್ಲೋರೈಡ್ ಇರುತ್ತದೆ, ಅಡುಗೆಯ ಓವನ್ನಿಗೆ ಅದು ಬೇಡ.

ಪೆಲೆಟ್ ಡಬ್ಬಕ್ಕೂ ಇದೇ ಉಪಚಾರ. ಸೀಸ ತೇವಕ್ಕೆ ಬಿಳಿ ಪುಡಿ ಬಿಡುತ್ತದೆ. ಹತ್ತು ಮೀಟರಿಗೆ ಚಪ್ಪಟೆ ತಲೆಯ ಪೆಲೆಟ್, ರಂಧ್ರ ಅಚ್ಚುಕಟ್ಟು. ಇಪ್ಪತ್ತೈದು ದಾಟಿದರೆ ಗುಂಡು ತಲೆಯದು. ತಲೆಯ ಅಳತೆ 4.49ರಿಂದ 4.52ರವರೆಗೆ ಬರುತ್ತದೆ, ನಿಮ್ಮ ನಳಿಗೆಗೆ ಯಾವುದು ಒಗ್ಗುತ್ತದೆಂದು ಹೊಡೆದೇ ನೋಡಬೇಕು. ಪಿಸಿಪಿಯ ಗಾಳಿ ದಾರಿಗೆ ಪೆಟ್ರೋಲಿಯಂ ಎಣ್ಣೆ ಹಚ್ಚಲೇಬಾರದು, ಒತ್ತಡದಲ್ಲಿ ಹೊತ್ತಿಕೊಳ್ಳುತ್ತದೆ. ಬೈಪಾಡ್, ಲೇಸರ್‌ಗಳ ಬಗ್ಗೆ ಹೇಳುವಂಥದ್ದೇನಿಲ್ಲ, ಪೇಪರ್ ಹೊಡೆಯಲು ಅವು ಬೇಡ. ಅಂದಹಾಗೆ, 4.5 ಮಿಮೀ ಮತ್ತು 20 ಜೂಲ್ ಮೀರದ ಏರ್‌ಗನ್‌ಗೆ ಲೈಸೆನ್ಸ್ ಬೇಡ ಎಂದ ಮಾತ್ರಕ್ಕೆ ತೋಟದ ಹಕ್ಕಿಯ ಮೇಲೆ ಸ್ಕೋಪು ತಿರುಗಿಸಿದರೆ 1972ರ ವನ್ಯಜೀವಿ ಕಾಯ್ದೆ ಕಾಯುತ್ತಿರುತ್ತದೆ.

ಸ್ಪರ್ಧೆಗೆ ಹೋಗುವ ಮಕ್ಕಳಿಗೆ ಸ್ಕೋಪು ಕೊಡಿಸಲು ಹೊರಟ ಅಪ್ಪ-ಅಮ್ಮಂದಿರು ಇಷ್ಟನ್ನು ಮೊದಲೇ ತಿಳಿದಿರಬೇಕು: ಅಂತರರಾಷ್ಟ್ರೀಯ ಶೂಟಿಂಗ್ ಒಕ್ಕೂಟ ಐಎಸ್‌ಎಸ್‌ಎಫ್ ನಿಯಮದ ಹತ್ತು ಮೀಟರ್ ಏರ್ ರೈಫಲ್‌ನಲ್ಲಿ ದುರ್ಬೀನು ನಡೆಯುವುದಿಲ್ಲ. ಹಿಂದೆ ಡಯಾಪ್ಟರ್ (ಸಣ್ಣ ರಂಧ್ರದ ಮೂಲಕ ನೋಡುವ ಹಿಂಗುರಿ), ಮುಂದೆ ರಿಂಗಿನ ಸುರಂಗ (ಒಳಗೆ ರಿಂಗು ಇರುವ ಕೊಳವೆ), ಅಷ್ಟೇ. ಮುಂದಿನ ಸುರಂಗ 25 ಮಿಮೀ ವ್ಯಾಸ, 50 ಮಿಮೀ ಉದ್ದ ಮೀರುವಂತಿಲ್ಲ. ರೈಫಲ್ ಎಲ್ಲ ಸೇರಿ 5.5 ಕಿಲೋ ಮೀರಬಾರದು. ಇಲ್ಲಿ ಒಳ್ಳೆಯ ಖರ್ಚು ಎಂದರೆ ಗೆಹ್‌ಮನ್‌ನಂಥ ಕಂಪನಿಯ ತಿರುಗುವ ಐರಿಸ್, ಅಂದರೆ ಡಯಾಪ್ಟರಿನ ರಂಧ್ರ ಹಿಗ್ಗಿಸಿ ಕುಗ್ಗಿಸುವ ಸಾಧನ, 0.5ರಿಂದ 3 ಮಿಮೀವರೆಗೆ ತೆರೆಯುವಂಥದು. 1.0-1.2ರಲ್ಲಿ ಶುರು ಮಾಡಿ, ಮೋಡ ಮುಚ್ಚಿದ ದಿನ 1.4ಕ್ಕೆ ತೆರೆಯಿರಿ. ತೀರಾ ಕಿರಿದಾದರೆ ಕಪ್ಪು ಗುರಿ ಬೂದುಬಣ್ಣವಾಗಿ ಕಾಣುತ್ತದೆ, ತೀರಾ ಅಗಲವಾದರೆ ಮುಂದಿನ ರಿಂಗಿನ ಅಂಚು ಮಸುಕು. ಮುಂದಿನ ರಿಂಗು ಚಿಕ್ಕದಿದ್ದಷ್ಟೂ ನಿಖರ ಅನ್ನುವುದು ತಪ್ಪು ತಿಳಿವಳಿಕೆ. 30.5 ಮಿಮೀ ಕಪ್ಪು ಗುರಿ ಒಂದು ಮೀಟರ್ ಮುಂದಿನ ರಿಂಗಿನಲ್ಲಿ ಮೂರು ಮಿಮೀಯಷ್ಟು ಕಾಣುತ್ತದೆ. ಸುತ್ತ ಬಿಳಿ ಉಳಿಯಲು 3.8ರಿಂದ 4.2 ಬೇಕು. ಬಿಳಿ ಸಣ್ಣದಾದರೆ ಕಣ್ಣು ಅದನ್ನು ಹುಡುಕುತ್ತಾ ಟ್ರಿಗರ್ ತಡವಾಗುತ್ತದೆ.

ಸ್ಕೋಪಿನಿಂದ ಡಯಾಪ್ಟರ್‌ಗೆ ಬಂದವರು ಎಡವುವುದು ಗುಂಡಿಯ ಗುರುತಿನಲ್ಲಿ. ಸ್ಕೋಪಿನ ಮೇಲೆ ‘ಅಪ್’ ಕಡೆಗೆ ತಿರುವಿದರೆ ಏಟು ಮೇಲಕ್ಕೆ ಹೋಗುತ್ತದೆ. ಜರ್ಮನ್ ಡಯಾಪ್ಟರ್‌ಗಳಲ್ಲಿ ‘ಹೆಚ್’ ಎಂದರೆ ಏಟು ಮೇಲೆ ಬೀಳುತ್ತಿದೆ ಎಂದರ್ಥ, ಆ ಕಡೆ ತಿರುವಿದರೆ ಏಟು ಕೆಳಗಿಳಿಯುತ್ತದೆ. ‘ಟಿ’ ಎಂದರೆ ಕೆಳಗೆ ಬೀಳುತ್ತಿದೆ, ತಿರುವಿದರೆ ಮೇಲೇರುತ್ತದೆ. ಎಡಬಲವೂ ಹೀಗೆಯೇ. ಮ್ಯಾಚಿಗೆ ಮೊದಲು ಸಿಗುವ ಹದಿನೈದು ನಿಮಿಷದ ತಯಾರಿಯಲ್ಲಿ ಇದನ್ನು ಕಂಡುಹಿಡಿಯಲು ಹೋಗದೆ, ಮನೆಯಲ್ಲೇ ಹತ್ತು ಕ್ಲಿಕ್ಕು ತಿರುವಿ, ಮೂರು ಪೆಲೆಟ್ ಹೊಡೆದು, ಗುಂಡಿಯ ಪಕ್ಕ ಬಾಣದ ಗುರುತು ಅಂಟಿಸಿಕೊಂಡು ಹೋಗಿ.