ಟಿಯರ್‌ಡ್ರಾಪ್ ಟ್ರೈಲರ್‌ನ ಹ್ಯಾಚ್‌ಗೆ ಯಾವ ಹಿಂಜ್? ಪಿಯಾನೊ, ಹರಿಕೇನ್, ದೋಣಿ ಹಿಂಜ್

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಹರಿಕೇನ್ ಹಿಂಜ್‌ಗೆ. ಪಿಯಾನೊ ಹಿಂಜ್ ಹಾಕಿ, ಒಂದಿಡೀ ಮಳೆಗಾಲ ಅದರ ಜೊತೆ ಗುದ್ದಾಡಿ, ಆಮೇಲೆ ಕಿತ್ತು ಹರಿಕೇನ್ ಹಾಕಿದವನು ನಾನು. ಹಾಗಾಗಿ ತಕ್ಕಡಿ ಒಂದು ಕಡೆ ವಾಲಿರುತ್ತದೆ, ಅದನ್ನು ತಿಳಿದುಕೊಂಡೇ ಓದಿ.

ಟಿಯರ್‌ಡ್ರಾಪ್ ನೋಡಿಲ್ಲದವರಿಗೆ ಎರಡು ಮಾತು. ಅಮೆರಿಕದಲ್ಲಿ 1930ರ ದಶಕದಿಂದ ಜನ ಮನೆಯಲ್ಲೇ ಕಟ್ಟಿಕೊಂಡು ಬಂದಿರುವ ಪುಟ್ಟ ಕ್ಯಾಂಪಿಂಗ್ ಟ್ರೈಲರ್ ಇದು. ಸಾಮಾನ್ಯವಾಗಿ 4 ಅಡಿ ಅಗಲ, 8 ಅಡಿ ಉದ್ದ. ಪ್ಲೈವುಡ್ ಹಾಳೆಯ ಅಳತೆಯೇ ಟ್ರೈಲರ್‌ನ ಅಳತೆ. ಒಳಗೆ ಇಬ್ಬರು ಮಲಗಬಹುದು, ನಿಲ್ಲಲು ಆಗುವುದಿಲ್ಲ. ಅಡುಗೆ ಕಟ್ಟೆ ಹಿಂಭಾಗದಲ್ಲಿ, ನಾವು ಹೊರಗೆ ನಿಂತು ಬೇಯಿಸಬೇಕು. ಆ ಕಟ್ಟೆಯನ್ನು ಮುಚ್ಚುವ ಬಾಗಿದ ದೊಡ್ಡ ಬಾಗಿಲೇ ಹ್ಯಾಚ್. ಮೇಲಕ್ಕೆತ್ತಿದರೆ ಅದೇ ತಲೆಯ ಮೇಲೆ ಸೂರು. ಚಾವಣಿಯನ್ನು ಈ ತುದಿಯಿಂದ ಆ ತುದಿವರೆಗೆ ಅಡ್ಡಡ್ಡ ಸೀಳಿರುವ ಒಂದೇ ಜಾಗ ಅಂದರೆ ಹ್ಯಾಚಿನ ಹಿಂಜ್ ಕೂರುವ ಜಾಗ. ಮಳೆ ಒಳಗೆ ಬರಬೇಕೆಂದರೆ ಮೊದಲು ಹುಡುಕುವ ದಾರಿಯೂ ಅದೇ.

ನಾನಿರುವುದು ಸಿಯಾಟಲ್ ಹತ್ತಿರ. ಬೇಸಿಗೆಯಲ್ಲಿ ಕ್ಯಾಂಪ್‌ಗ್ರೌಂಡ್‌ಗಳಲ್ಲಿ ಜಾಗ ಸಿಗುವುದು ಕಷ್ಟ. ಹಾಗಾಗಿ ಅಕ್ಟೋಬರ್ ಮೇಲೆ, ಮಳೆ ಹಿಡಿದ ಮೇಲೆಯೇ ನನ್ನ ತಿರುಗಾಟ ಜಾಸ್ತಿ. ಒಲಿಂಪಿಕ್ ನ್ಯಾಷನಲ್ ಪಾರ್ಕಿನ ಹೋ ಮಳೆಕಾಡು ನನಗೆ ಬಹಳ ಇಷ್ಟ. ಅಲ್ಲಿ ವರ್ಷಕ್ಕೆ ಸುಮಾರು 140 ಇಂಚು ಮಳೆ. ಆಗುಂಬೆಯ ಲೆಕ್ಕದಲ್ಲಿ ಅದು ಅರ್ಧವೂ ಆಗುವುದಿಲ್ಲ ನಿಜ, ಆದರೆ ಆಗುಂಬೆಯಲ್ಲಿ ಯಾರೂ ಪ್ಲೈವುಡ್ ಡಬ್ಬಿಯಲ್ಲಿ ಮಲಗುವುದಿಲ್ಲ ಅಲ್ವಾ?

ಪಿಯಾನೊ ಹಿಂಜ್‌ನಿಂದ ಶುರುಮಾಡೋಣ. ಉದ್ದಕ್ಕೂ ಸ್ಟೇನ್‌ಲೆಸ್ ಸ್ಟೀಲಿನ ಎರಡು ಪಟ್ಟಿ, ಅವೇ ಅದರ ರೆಕ್ಕೆಗಳು. ನಡುವೆ ಒಂದು ಉದ್ದನೆಯ ಕಡ್ಡಿ, ಅದನ್ನು ಸುತ್ತಿ ಹಿಡಿದ ಸಾಲು ಸುರುಳಿಗಳೇ ಗೆಣ್ಣುಗಳು. ನನಗೆ 30 ಡಾಲರ್ ಒಳಗೇ ಸಿಕ್ಕಿತು. ಕೂರಿಸುವುದು ಒಂದು ಸಂಜೆಯ ಕೆಲಸ. ಚಾವಣಿಯ ಅಡ್ಡಪಟ್ಟಿ ಕೂದಲೆಳೆಯಷ್ಟು ಸೊಟ್ಟ ಇದ್ದರೂ ಅದು ಹೊಂದಿಕೊಳ್ಳುತ್ತದೆ. ಸದ್ದಿಲ್ಲದೆ ತಿರುಗುತ್ತದೆ. ಅಂಗಳದಲ್ಲಿ ಹ್ಯಾಚ್ ಮುಚ್ಚಿ ಪೈಪಿನಿಂದ ನೀರು ಬಿಟ್ಟು ನೋಡಿದೆ, ಒಳಗೆ ಒಂದು ಹನಿ ಇಲ್ಲ.

ತೊಂದರೆ ಶುರುವಾಗಿದ್ದು ಹ್ಯಾಚ್ ತೆರೆದಾಗ. ರಾತ್ರಿಯಿಡೀ ಮಳೆ ಸುರಿದರೂ ಕಟ್ಟೆ ಒಣಗಿರುತ್ತಿತ್ತು. ಬೆಳಿಗ್ಗೆ ಕಾಫಿಗೆಂದು ಹ್ಯಾಚ್ ಎತ್ತಿದ ಕೂಡಲೇ ಹಿಂಜ್‌ನ ಉದ್ದಕ್ಕೂ ತೊಟ್ಟಿಕ್ಕಲು ಶುರು. ಕಾರಣ ಸರಳ. ಹ್ಯಾಚ್ ಮುಚ್ಚಿದ್ದಾಗ ಅದರ ಮೇಲಿನ ನೀರು ಹಿಂದಕ್ಕೆ ಇಳಿದು ನೆಲಕ್ಕೆ ಬೀಳುತ್ತದೆ. ಎತ್ತಿದಾಗ ಇಳಿಜಾರು ತಿರುವು ಮುರುವು. ಹ್ಯಾಚಿನ ತುದಿ ಮೇಲಕ್ಕೆ, ಹಿಂಜ್ ಕೆಳಕ್ಕೆ. ಮೇಲೆ ಕೂತಿದ್ದ ನೀರೆಲ್ಲ ಹಿಂಜ್ ಕಡೆಗೆ ಓಡಿ ಬರುತ್ತದೆ. ಪಿಯಾನೊ ಹಿಂಜ್‌ನಲ್ಲಿ ಗೆಣ್ಣುಗಳ ನಡುವೆ ಸಂದು ಇದ್ದೇ ಇರುತ್ತದೆ, ಇಲ್ಲದಿದ್ದರೆ ಅದು ತಿರುಗುವುದೇ ಇಲ್ಲ. ಆ ಸಂದುಗಳಿಂದ ನೀರು ನೇರವಾಗಿ ಸ್ಟೋವ್ ಮೇಲೆ, ಬಿಚ್ಚಿಟ್ಟ ಕಾಫಿಪುಡಿ ಡಬ್ಬಿಯೊಳಗೆ.

ಇದಕ್ಕೆ ಎಲ್ಲರೂ ಹೇಳುವ ಮದ್ದು ರಬ್ಬರ್ ಹೊದಿಕೆ. ಕೊಳಗಳಿಗೆ ಹಾಸುವ ಇಪಿಡಿಎಂ ರಬ್ಬರ್ ಹಾಳೆಯಿಂದ ಒಂದು ಪಟ್ಟಿ ಕತ್ತರಿಸಿ, ಒಂದು ಅಂಚನ್ನು ಚಾವಣಿಗೆ ಬಿಗಿದು, ಇನ್ನೊಂದು ಅಂಚನ್ನು ಹಿಂಜ್ ದಾಟಿಸಿ ಹ್ಯಾಚ್ ಮೇಲೆ ಸುಮ್ನೆ ಇಳಿಬಿಡುವುದು. ಚಾವಣಿಯಿಂದ ಬರುವ ನೀರಿಗೆ ಇದು ಸರಿ. ನನ್ನ ಕಾಟ ಇದ್ದದ್ದು ಹ್ಯಾಚಿನಿಂದ ಬರುವ ನೀರಿನದು. ಅದು ಎದುರು ದಿಕ್ಕಿನಿಂದ ಬಂದು ಹೊದಿಕೆಯ ಕೆಳಗೇ ನುಸುಳಿತು. ಮೊದಲಾದರೆ ಅಲ್ಪ ಸ್ವಲ್ಪ ನೀರು ಗೆಣ್ಣುಗಳ ಮೇಲೆ ಹಾಯ್ದು ಪಕ್ಕಕ್ಕೆ ಹೋಗುತ್ತಿತ್ತು, ಈಗ ಹೊದಿಕೆ ಅದನ್ನೂ ತಡೆದು ಕೆಳಗೆ ಕಳಿಸಿತು. ಹ್ಯಾಚ್ ಎತ್ತುವ ಮುಂಚೆ ಟವೆಲ್‌ನಿಂದ ಒರೆಸುವುದೂ ಒಂದು ಉಪಾಯವೇ. ಚಳಿಯಲ್ಲಿ, ಕಾಫಿ ಬೀಳದ ಹೊಟ್ಟೆಯಲ್ಲಿ, ಅದು ಎಷ್ಟು ದಿನ ನಡೆಯುತ್ತದೆ ಹೇಳಿ?

ಪಿಯಾನೊ ಹಿಂಜ್ ಇಟ್ಟುಕೊಂಡೇ ಇದನ್ನು ಸರಿಮಾಡಬೇಕು ಅನ್ನುವವರಿಗೆ ನಿಜಕ್ಕೂ ಕೆಲಸ ಮಾಡುವ ದಾರಿ ಒಂದಿದೆ. ರಬ್ಬರ್ ಪಟ್ಟಿಯನ್ನು ಹಿಂಜ್‌ನ ಮೇಲಲ್ಲ, ಕೆಳಗೆ ಹಾಕಬೇಕು. ಎರಡೂ ರೆಕ್ಕೆಗಳ ಅಡಿಯಲ್ಲಿ ಒತ್ತಿ, ನಡುವೆ ಸ್ವಲ್ಪ ಸಡಿಲ ಬಿಟ್ಟರೆ ಗೆಣ್ಣಿನಿಂದ ಇಳಿದ ನೀರು ರಬ್ಬರ್ ಮೇಲೆ ಬಿದ್ದು ಎರಡು ತುದಿಗೆ ಹರಿದು ಹೊರಗೆ ಹೋಗುತ್ತದೆ. ಸಡಿಲ ಕಡಿಮೆಯಾದರೆ ಹ್ಯಾಚ್ ಪೂರ್ತಿ ತೆರೆಯುವುದಿಲ್ಲ, ಜಾಸ್ತಿಯಾದರೆ ಮುಚ್ಚುವಾಗ ಸಿಕ್ಕಿಕೊಳ್ಳುತ್ತದೆ. ನನ್ನದು ಸಿಕ್ಕಿಕೊಂಡು ಸಿಕ್ಕಿಕೊಂಡು ಮೂಲೆಯಲ್ಲಿ ಹರಿಯಿತು.

ಈಗ ಹರಿಕೇನ್ ಹಿಂಜ್. ಇದರಲ್ಲಿ ಕಡ್ಡಿಯೂ ಇಲ್ಲ, ಗೆಣ್ಣೂ ಇಲ್ಲ. ಎರಡು ಉದ್ದನೆಯ ಅಲ್ಯೂಮಿನಿಯಂ ಪಟ್ಟಿಗಳು. ಒಂದರ ಬಾಗಿದ ಅಂಚಿನ ಮೇಲೆ ಇನ್ನೊಂದರ ಬಾಗು ಕವುಚಿ ಕೂರುತ್ತದೆ. ಮಲೆನಾಡಿನ ಹಂಚಿನ ಮಾಡು ನೋಡಿ, ಅಂಟಿಲ್ಲ, ಗಾರೆಯಿಲ್ಲ, ಒಂದರ ಮೇಲೊಂದು ಏರಿ ಕೂತೇ ನೀರನ್ನು ಹೊರಗೆ ಹಾಕುತ್ತದೆ. ಇದೂ ಅದೇ ಜಾತಿ. ಹ್ಯಾಚ್ ಎತ್ತಿದರೂ ನೀರಿಗೆ ಇಳಿಯಲು ಸಂದು ಸಿಗುವುದಿಲ್ಲ. ಹಿಂಜ್ ಮೇಲೆ ಹಾಯ್ದು ಚಾವಣಿಗೆ ಹೋಗಿ ಪಕ್ಕದಿಂದ ಇಳಿಯುತ್ತದೆ. ಬೆಳಗಿನ ತೊಟ್ಟಿಕ್ಕುವಿಕೆ ನಿಂತೇ ಹೋಯಿತು. ನನಗೆ ಬೇಕಾಗಿದ್ದದ್ದು ಅಷ್ಟೇ.

ಇದರ ಗೋಳುಗಳೂ ಇವೆ. ಬೆಲೆ, ಸಾಗಣೆ ಸೇರಿ, ಪಿಯಾನೊದ ಎರಡರಷ್ಟನ್ನೂ ಮೀರಿತು. ಪಕ್ಕದ ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗಲಿಲ್ಲ, ತರಿಸಿಕೊಳ್ಳಬೇಕಾಯಿತು. ಒಂದು ಪಟ್ಟಿಯನ್ನು ಇನ್ನೊಂದರೊಳಗೆ ಪಕ್ಕದಿಂದಲೇ ಜಾರಿಸಬೇಕು, ಅಂದರೆ ಟ್ರೈಲರ್ ಎಷ್ಟು ಅಗಲವೋ ಅಷ್ಟೇ ಖಾಲಿ ಜಾಗ ಪಕ್ಕದಲ್ಲಿ ಬೇಕು. ನನ್ನದು ಒಂದು ಕಾರಿನ ಗ್ಯಾರೇಜ್. ಹ್ಯಾಚ್ ಹಾಕಬೇಕೆಂದರೂ ತೆಗೆಯಬೇಕೆಂದರೂ ಟ್ರೈಲರ್ ಅಂಗಳಕ್ಕೆ ಬರಬೇಕು.

ಇನ್ನು ಇದು ಸೊಟ್ಟ ಅನ್ನುವುದನ್ನು ಸಹಿಸುವುದಿಲ್ಲ. ಅಡ್ಡಪಟ್ಟಿಯ ನಡುವೆ ಸ್ವಲ್ಪ ಉಬ್ಬಿದ್ದರೂ ಅಲ್ಯೂಮಿನಿಯಂ ಅಲ್ಯೂಮಿನಿಯಂಗೆ ಕಚ್ಚಿಕೊಂಡು ಕಿರ್ ಅನ್ನುತ್ತದೆ, ಹ್ಯಾಚ್ ಅರ್ಧದಲ್ಲಿ ನಿಲ್ಲುತ್ತದೆ. ಹಾಗಾದಾಗ ಸ್ಕ್ರೂ ಬಿಗಿಮಾಡಿ ಪ್ರಯೋಜನವಿಲ್ಲ, ತಗ್ಗಿದ ಕಡೆ ತೆಳು ಚಕ್ಕೆ ಕೊಟ್ಟು ಸಮ ಮಾಡಬೇಕು. ನಾನು ಎರಡು ಪಟ್ಟಿಗಳನ್ನು ಜೋಡಿಸಿಯೇ ಇಟ್ಟು ನಡುವಿನಿಂದ ತುದಿಗಳ ಕಡೆಗೆ ಸ್ಕ್ರೂ ಹಾಕುತ್ತಾ ಹೋದೆ, ಪ್ರತಿ ಸ್ಕ್ರೂ ಆದಮೇಲೆ ಹ್ಯಾಚ್ ಆಡಿಸಿ ನೋಡುತ್ತಾ. ಎಣ್ಣೆ ಹಾಕಬೇಡಿ, ಧೂಳು ಹಿಡಿದು ಮರಳು ಕಾಗದದಂತೆ ಉಜ್ಜುತ್ತದೆ. ಮೇಣದ ಬತ್ತಿ ತಿಕ್ಕಿದರೆ ಸಾಕು. ಒಂದು ತುದಿಯಲ್ಲಿ ಎರಡೂ ಪಟ್ಟಿಗೆ ತಡೆಯಾಗುವಂತೆ ಒಂದು ಪುಟ್ಟ ಸ್ಕ್ರೂ ಇಡಲೇಬೇಕು, ಇಲ್ಲದಿದ್ದರೆ ರಸ್ತೆಯ ಕುಲುಕಾಟಕ್ಕೆ ಹ್ಯಾಚ್ ಮೆಲ್ಲಗೆ ಪಕ್ಕಕ್ಕೆ ಜಾರುತ್ತದೆ.

ದೋಣಿಗೆ ಹಾಕುವ ಬಿಡಿ ಸ್ಟೇನ್‌ಲೆಸ್ ಹಿಂಜ್‌ಗಳನ್ನು ಸ್ನೇಹಿತನ ಟ್ರೈಲರ್‌ನಲ್ಲಿ ಬಳಸಿ ನೋಡಿದೆ. ನೋಡಲು ಚೆಂದ. ಹ್ಯಾಚಿನ ಭಾರವೆಲ್ಲ ಮೂರೇ ಜಾಗಕ್ಕೆ ಬೀಳುತ್ತದೆ, ನಡುವಿನ ಸೀಳಿಗೆ ಮತ್ತೆ ಅದೇ ರಬ್ಬರ್ ಬೇಕು. ನನಗಂತೂ ಬೇಡ.

ಯಾವುದನ್ನೇ ಹಾಕಿ, ಹಿಂಜ್ ಕೆಳಗೆ ಬ್ಯುಟೈಲ್ ಟೇಪ್ (ಮೆತ್ತನೆಯ ಅಂಟು ರಬ್ಬರ್ ಪಟ್ಟಿ) ಹಾಕಿ, ಸಿಲಿಕಾನ್ ಅಂಟು ಬೇಡ. ಸಿಲಿಕಾನ್ ಒಮ್ಮೆ ಬಿದ್ದ ಕಡೆ ಆಮೇಲೆ ಬಣ್ಣವೂ ನಿಲ್ಲುವುದಿಲ್ಲ, ಬೇರೆ ಅಂಟೂ ಹಿಡಿಯುವುದಿಲ್ಲ. ಪಿಯಾನೊ ಕಿತ್ತಾಗ ಬ್ಯುಟೈಲ್ ಎಳೆಎಳೆಯಾಗಿ ಬಂದುಬಿಟ್ಟಿತು, ಮರಕ್ಕೆ ಏನೂ ಆಗಲಿಲ್ಲ. ಹ್ಯಾಚ್ ಚಳಿಯಲ್ಲಿ ಸೋತು ಇಳಿದರೆ ಹಿಂಜ್ ಬೈಯಬೇಡಿ. ಅದು ಹ್ಯಾಚನ್ನು ಎತ್ತಿ ಹಿಡಿಯುವ, ಅನಿಲ ತುಂಬಿದ ಕೋಲು ಗ್ಯಾಸ್ ಸ್ಟ್ರಟ್‌ನ ಕೆಲಸ. 20 ಡಿಗ್ರಿ ಸೆಲ್ಸಿಯಸ್‌ನಿಂದ ಸೊನ್ನೆಗೆ ಬಂದರೆ ಒಳಗಿನ ಅನಿಲದ ಒತ್ತಡ ಶೇ. 7ರಷ್ಟು ಇಳಿಯುತ್ತದೆ. ಸ್ಟ್ರಟ್ ಕೊಳ್ಳುವಾಗಲೇ ಸ್ವಲ್ಪ ಹೆಚ್ಚು ಬಲದ್ದು ತೆಗೆದುಕೊಳ್ಳಿ.

ನೀವು ಅರಿಜೋನಾದಂಥ ಒಣ ಊರಿನವರಾದರೆ, ಅಥವಾ ಮಳೆ ಬಂದರೆ ಮನೆಯಲ್ಲೇ ಇರುವವರಾದರೆ, ಪಿಯಾನೊ ಹಾಕಿ ಉಳಿದ ದುಡ್ಡಿಗೆ ಒಳ್ಳೆ ಸ್ಟೋವ್ ಕೊಳ್ಳಿ. ಬೆಳಿಗ್ಗೆ ಎದ್ದ ಕೂಡಲೇ ಮಳೆಯಲ್ಲಿ ಹ್ಯಾಚ್ ಎತ್ತುವ ಅಭ್ಯಾಸ ಇದ್ದರೆ ಹರಿಕೇನ್ ಬಿಟ್ಟು ಬೇರೆ ಯೋಚನೆ ಬೇಡ. ತರಿಸುವಾಗ ಟ್ರೈಲರ್ ಅಗಲಕ್ಕಿಂತ ಒಂದೆರಡು ಇಂಚು ಉದ್ದದ್ದು ತರಿಸಿ. ತುದಿ ಪಕ್ಕದ ಗೋಡೆಯನ್ನು ದಾಟಿ ಸ್ವಲ್ಪ ಹೊರಗೆ ಚಾಚಿದ್ದರೆ ನೀರು ಗೋಡೆಗೆ ಅಂಟದೆ ನೆಲಕ್ಕೆ ಬೀಳುತ್ತದೆ.