ತರಗತಿಯಲ್ಲಿ ‘ಕೆನ್ಸುಕೆಸ್ ಕಿಂಗ್‌ಡಮ್’: ಒಬ್ಬ ಶಿಕ್ಷಕಿಯ ವಿಮರ್ಶೆ

ಇಂಗ್ಲೆಂಡಿನ ಪ್ರಾಥಮಿಕ ಶಾಲೆಗಳಲ್ಲಿ ಹಲವು ವಾರಗಳ ಕಾಲ ಒಂದೇ ಕಾದಂಬರಿಯನ್ನು ಹಿಡಿದು ಓದು, ಬರಹ ಎರಡನ್ನೂ ಅದರಿಂದಲೇ ಕಲಿಸುವ ರೂಢಿಯಿದೆ. ಹಾಗೆ ಬಳಕೆಯಾಗುವ ಸಾಹಸಕಥೆಗಳಲ್ಲಿ ಮೈಕೆಲ್ ಮೊರ್ಪುರ್ಗೊ ಅವರ 1999ರ ‘ಕೆನ್ಸುಕೆಸ್ ಕಿಂಗ್‌ಡಮ್’ ಒಂದು. ಹತ್ತು-ಹನ್ನೊಂದು ವರ್ಷದ ಮಕ್ಕಳಿಗೆ ಅದನ್ನು ಕಲಿಸಿರುವ ನಾನು, ಪಾಠದ ಸಾಮಗ್ರಿಯಾಗಿ ಅದು ಎಷ್ಟರಮಟ್ಟಿಗೆ ಒದಗುತ್ತದೆ ಎಂಬುದನ್ನಷ್ಟೇ ಇಲ್ಲಿ ಪರಿಶೀಲಿಸುತ್ತೇನೆ.

ಇಟ್ಟಿಗೆ ಕಾರ್ಖಾನೆಯ ಕೆಲಸ ಕಳೆದುಕೊಂಡ ತಂದೆತಾಯಿ ‘ಪೆಗ್ಗಿ ಸ್ಯೂ’ ಎಂಬ ಹಾಯಿದೋಣಿ ಕೊಂಡು ಮಗ ಮೈಕೆಲ್‌ನೊಂದಿಗೆ ಲೋಕ ಸುತ್ತಲು ಹೊರಡುತ್ತಾರೆ. ತನ್ನ ಹನ್ನೆರಡನೇ ಹುಟ್ಟುಹಬ್ಬದ ಹಿಂದಿನ ರಾತ್ರಿ, 1988ರ ಜುಲೈ 28ರಂದು, ಮೈಕೆಲ್ ನಾಯಿಯ ಸಮೇತ ಸಮುದ್ರಕ್ಕೆ ಬಿದ್ದು ಒಂದು ದ್ವೀಪ ಸೇರುತ್ತಾನೆ. ಎರಡನೇ ಮಹಾಯುದ್ಧದ ಕಾಲದಿಂದ ಅಲ್ಲಿ ಒಬ್ಬಂಟಿಯಾಗಿ ಬದುಕಿರುವವನು ಜಪಾನಿ ವೈದ್ಯ ಕೆನ್ಸುಕೆ.

ಮೂರನೇ ಅಧ್ಯಾಯವು ಮೈಕೆಲ್ ಬರೆದ ಹಡಗಿನ ದಿನಚರಿಯ ರೂಪದಲ್ಲಿದೆ, ಮತ್ತು ಬರವಣಿಗೆಯ ಪಾಠಕ್ಕೆ ಪುಸ್ತಕದಲ್ಲಿ ಅದಕ್ಕಿಂತ ಉಪಯುಕ್ತವಾದ ಭಾಗ ಇನ್ನೊಂದಿಲ್ಲ. ‘ಒಂದು ಪುಟ ಬರೆಯಿರಿ’ ಎಂದರೆ ಪೆನ್ಸಿಲ್ ಕಚ್ಚುತ್ತ ಕೂರುವ ಮಗು ಕೂಡ, ತಾರೀಖು ಹಾಕಿ, ಇದ್ದ ಜಾಗ ಹೇಳಿ, ಕಂಡದ್ದನ್ನು ನಾಲ್ಕು ಸಾಲಿನಲ್ಲಿ ಬರೆಯಬೇಕೆಂದಾಗ ಹಿಂಜರಿಯುವುದಿಲ್ಲ. ಓದಿನ ದೃಷ್ಟಿಯಿಂದ ನನಗೆ ಅಷ್ಟೇ ಬೆಲೆಯುಳ್ಳದ್ದಾಗಿ ಕಂಡದ್ದು ‘ಅಬುನಾಯ್’ ಎಂಬ ಜಪಾನಿ ಪದ. ಕೆನ್ಸುಕೆ ಅದನ್ನು ಕೂಗಿ ಕೂಗಿ ಹುಡುಗನನ್ನು ನೀರಿನಿಂದ ದೂರವಿಡುವ ಸಂದರ್ಭದಲ್ಲಿ ಪುಸ್ತಕ ಮುಚ್ಚಿಸಿ, ಅವನ ಮುಖಭಾವ ಮತ್ತು ಸನ್ನೆಗಳಿಂದ ಅರ್ಥ ಊಹಿಸಿ ಕಾರಣಸಹಿತ ಬರೆಯಲು ಹೇಳಬಹುದು. ಮುಂದೆ ಜೆಲ್ಲಿ ಮೀನು ಕುಟುಕಿದಾಗ ಅದರ ಅರ್ಥ ‘ಅಪಾಯ’ ಎಂದು ಕಥೆಯೇ ತಿಳಿಸುತ್ತದೆ. ಮನೆಯಲ್ಲಿ ಕನ್ನಡವನ್ನೋ ಪಂಜಾಬಿಯನ್ನೋ ಮಾತನಾಡುವ ಮಕ್ಕಳು ಇಂತಹ ಊಹೆಯಲ್ಲಿ ಉಳಿದವರಿಗಿಂತ ಚುರುಕು: ಅವರಿಗೆ ಅದು ದಿನನಿತ್ಯದ ಅಭ್ಯಾಸ.

ಕೊರತೆಗಳೂ ಇವೆ. ದ್ವೀಪ ಸೇರುವವರೆಗಿನ ಕಥೆ ನಿಧಾನವಾಗಿದ್ದು, ಅದನ್ನು ಶಿಕ್ಷಕರೇ ಗಟ್ಟಿಯಾಗಿ ಓದಿ ಬೇಗ ಮುಗಿಸುವುದು ಒಳ್ಳೆಯದು. ಕೆನ್ಸುಕೆಯ ಮುರುಕು ಇಂಗ್ಲಿಷನ್ನು, ಆ ಭಾಷೆಯನ್ನು ಹೊಸದಾಗಿ ಕಲಿಯುತ್ತಿರುವ ಮಕ್ಕಳು ಸರಿಯೆಂದೇ ತಿಳಿದು ಅನುಕರಿಸುತ್ತಾರೆ. ಅವನ ಮಾತುಗಳನ್ನು ಪೂರ್ಣ ವಾಕ್ಯಗಳಾಗಿ ತಿದ್ದಿಸುವುದನ್ನೇ ನಾನು ವ್ಯಾಕರಣದ ಪಾಠವಾಗಿಸಿಕೊಂಡೆ. ನಾಗಾಸಾಕಿಯ ಬಾಂಬ್ ದಾಳಿ ಬರುವ ಅಧ್ಯಾಯಕ್ಕೆ ಮುನ್ನ ಇತಿಹಾಸದ ಒಂದು ತರಗತಿ ಬೇಕೇ ಬೇಕು. (ನಾಯಿಗೆ ಸ್ಟೆಲ್ಲಾ ಆರ್ಟ್ವಾ ಎಂಬ ಬಿಯರಿನ ಹೆಸರೇಕೆ ಎಂಬ ಪ್ರಶ್ನೆಗೂ ಉತ್ತರ ಸಿದ್ಧವಿರಲಿ.)

ಕೊನೆಯಲ್ಲಿರುವ ಅನುಬಂಧವನ್ನು ಮಾತ್ರ ಮೊದಲೇ ಓದಿಸಬಾರದು. ಅದರಲ್ಲಿ ಕೆನ್ಸುಕೆಯ ಮಗನಿಂದ ಮೈಕೆಲ್‌ಗೆ ಬಂದ ಪತ್ರದ ಸಂಗತಿಯಿದೆ. ಆ ಪುಟಗಳನ್ನು ಕ್ಲಿಪ್ ಹಾಕಿ ಮುಚ್ಚಿಟ್ಟು, ಆ ಪತ್ರ ಹೇಗಿರಬಹುದೆಂದು ಮಕ್ಕಳಿಂದಲೇ ಬರೆಸಿದ ನಂತರ ಕ್ಲಿಪ್ ತೆಗೆಯಬೇಕು.